ರೇಡಿಯೋ ಅಂದರೆ ನಿಮಗೆ ನೆನಪಾಗುವುದು ಹಾಡಾ, ಹಾಡು ಹಾಕುತ್ತಿದ್ದವರ ದನಿಯಾ?

ಅಡಿಕೆಚಪ್ಪರ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಹಳೇ ಹಾಡುಗಳ ಪಟ್ಟಿ ಬೇಡ. ಹಾಡು ಎಲ್ಲರ ಫೋನಲ್ಲೂ ಇದೆ. ಸಿಗದೇ ಇರುವುದು ಹಾಡಿಗೂ ಹಾಡಿಗೂ ನಡುವೆ ಮಾತಾಡುತ್ತಿದ್ದವರು. ಅವರ ಬಗ್ಗೆ ಹೇಳಿ.

ನಮ್ಮ ಕಡೆ ಭದ್ರಾವತಿ ಆಕಾಶವಾಣಿ, 675 ಕಿಲೋಹರ್ಟ್ಜ್. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಸುಲಿಯುವವರು ಮೆಟ್ಟುಗತ್ತಿ ಇಟ್ಟುಕೊಂಡು ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದರು. ರೇಡಿಯೋ ಚಪ್ಪರದ ಕಂಬದ ಮೊಳೆಯಲ್ಲಿ. ಕೋರಿಕೆ ಕಾರ್ಯಕ್ರಮ ಬಂತೆಂದರೆ ಹಾಡಿಗಿಂತ ಮುಂಚೆ ಓದುವ ಹೆಸರುಗಳ ಮೇಲೇ ಎಲ್ಲರ ಕಿವಿ. ಯಾವ ಊರು, ಯಾರ ಮನೆ, ಜೊತೆಗೆ ಯಾರ್ಯಾರ ಹೆಸರು ಸೇರಿಸಿ ಬರೆದಿದ್ದಾರೆ. ಒಬ್ಬ ಹುಡುಗನ ಹೆಸರಿನ ಪಕ್ಕ ಬೇರೆ ಊರಿನ ಹುಡುಗಿಯ ಹೆಸರು ಬಂದರೆ ಸಾಕು, ಕತ್ತಿಗಳು ನಿಂತುಬಿಡುತ್ತಿದ್ದವು. ಮಾರನೇ ದಿನ ಊರಲ್ಲಿ ಅದೇ ಸುದ್ದಿ.

"ಇವತ್ತು ಅಕ್ಕೋರಿಗೆ ನೆಗಡಿ ಆಗಿದೆ ಅಲ್ವಾ" ಎಂದು ಯಾರಾದರೂ ಹೇಳಿದರೆ ಅದು ನಿಲಯದ ಉದ್ಘೋಷಕಿಯ ವಿಷಯ. ಅವರ ಹೆಸರು ನಮಗೆ ಗೊತ್ತಿರಲಿಲ್ಲ. ಮುಖವಂತೂ ಇಲ್ಲವೇ ಇಲ್ಲ. ನೆಗಡಿ ಮಾತ್ರ ಗೊತ್ತಾಗುತ್ತಿತ್ತು.

ನಿಮ್ಮ ಕಡೆ ಯಾವ ನಿಲಯ? ಯಾವ ದನಿ?

ಪೇಡಾನಗರಿ

ನಮ್ಮದು ಧಾರವಾಡ. "392.2 ಮೀಟರ್ ಅಂದರೆ 765 ಕಿಲೋಹರ್ಟ್ಜ್" ಎಂದು ಶುರುವಾದರೆ ಅವ್ವ ಒಲೆ ಮುಂದೆ, ಅಪ್ಪ ಹಲ್ಲುಜ್ಜುತ್ತ ಹಿತ್ತಲಲ್ಲಿ. ಮನೆಯಲ್ಲಿ ಗಡಿಯಾರ ನೋಡುವವರೇ ಇರಲಿಲ್ಲ. ಚಿಂತನ ಮುಗಿದರೆ ಸ್ನಾನ, ಪ್ರದೇಶ ಸಮಾಚಾರ ಬಂದರೆ ಚಹಾ, ದೆಹಲಿಯ ಕನ್ನಡ ವಾರ್ತೆ ಮುಗಿಯುವುದರೊಳಗೆ ಸಾಲಿಗೆ ಹೊರಡಬೇಕು.

ಧಾರವಾಡ ನಿಲಯ ಶುರುವಾಗಿದ್ದು 1950ರ ಜನವರಿ 8ಕ್ಕೆ. ಅಲ್ಲಿದ್ದವರನ್ನು ನೋಡಿ: ಬೇಂದ್ರೆಯವರು ಸಲಹೆಗಾರರು, ಸಂಗೀತಕ್ಕೆ ಮಲ್ಲಿಕಾರ್ಜುನ ಮನಸೂರರು, ಕೆಲಸಕ್ಕೆ ಎನ್ಕೆ ಕುಲಕರ್ಣಿಯವರಂಥ ಸಾಹಿತಿಗಳು. ಇಷ್ಟು ದೊಡ್ಡವರು ಬೆಳಿಗ್ಗೆ ರೇಡಿಯೋದಲ್ಲಿ, ಸಂಜೆ ಸುಭಾಸ ರಸ್ತೆಯಲ್ಲಿ ಕಾಯಿಪಲ್ಯದ ಚೀಲ ಹಿಡಿದು ಎದುರಿಗೇ! ನಮ್ಮ ಸೋದರಮಾವ ಅಂಥವರನ್ನು ಕಂಡರೆ ಸೈಕಲ್ ಇಳಿದು ನಿಲ್ಲುತ್ತಿದ್ದರು. ಮಾತಾಡಿಸುವ ಧೈರ್ಯ ಮಾತ್ರ ಇರಲಿಲ್ಲ.

ಇನ್ನೊಂದು ವಿಷಯ. ಹಾಡಿನ ನಡುವಿನ ಘೋಷಣೆಯೆಲ್ಲ ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಸಂಜೆ ರೈತರ ಕಾರ್ಯಕ್ರಮ ಶುರುವಾದರೆ ಅದೇ ಪೆಟ್ಟಿಗೆಯಿಂದ ನಮ್ಮ ಮಾತು. "ಏನಪಾ, ಬಿತ್ತಿಗಿ ಮುಗೀತೇನು?" ಅಂತ. ನಾವು ಸಣ್ಣವರು, ಒಳಗೆ ಇಬ್ಬರು ಬೇರೆ ಬೇರೆ ಮಂದಿ ಇದ್ದಾರೆ ಅಂದುಕೊಂಡಿದ್ದೆವು. ಒಬ್ಬರೇ ಎರಡೂ ಮಾಡುತ್ತಿದ್ದರೋ ಏನೋ ಎಂಬ ಅನುಮಾನ ನನಗೆ ಇವತ್ತಿಗೂ ಇದೆ.

ಸುಮ್ನೆಕೇಳುಗ

ಪೂಜೆ ಜೋರಾಗುವ ಮುಂಚೆ ಸ್ವಲ್ಪ ನೀರು ಹಾಕುತ್ತೇನೆ, ಕ್ಷಮಿಸಿ.

ಆಗ ಬೇರೇನಿತ್ತು ಹೇಳಿ? ಊರಿಗೊಂದೇ ಅಂಗಡಿ ಇದ್ದಾಗ ಆ ಅಂಗಡಿಯವನೇ ಒಳ್ಳೆಯವನು ಅಂದ ಹಾಗಾಯಿತು. ಅರ್ಧ ಗಂಟೆ ಚಿತ್ರಗೀತೆ, ಆಮೇಲೆ ಯೂರಿಯಾ, ಆಮೇಲೆ ಸಣ್ಣ ಉಳಿತಾಯ, ಆಮೇಲೆ ಯಾವುದೋ ಸಭೆಯಲ್ಲಿ ಮಂತ್ರಿಗಳ ಭಾಷಣ. ಚಿತ್ರಗೀತೆ ಕಂಡರೆ ದೆಹಲಿಯವರಿಗೆ ಆಗುತ್ತಲೇ ಇರಲಿಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಮೇಲೆ ಸಿನಿಮಾ ಹಾಡು ಹೆಚ್ಚುಕಮ್ಮಿ ಹೊರಗೇ ಬಿತ್ತು. ಜನ ಸುಮ್ಮನೆ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ನಿರೂಪಕ ಅಮೀನ್ ಸಯಾನಿ ದೇಶಕ್ಕೆಲ್ಲ ಪರಿಚಯವಾಗಿದ್ದು ಕೊಲಂಬೋದಿಂದ ಬರುತ್ತಿದ್ದ ಕಾರ್ಯಕ್ರಮದಿಂದ, ನಮ್ಮ ಸರ್ಕಾರದ ರೇಡಿಯೋದಿಂದ ಅಲ್ಲ. ಕೇಳುಗರೆಲ್ಲ ಆ ಕಡೆ ಹೋದ ಮೇಲೆ, 1957ರ ಅಕ್ಟೋಬರ್ 3ಕ್ಕೆ, ಸರ್ಕಾರದ್ದೇ ಹಾಡಿನ ವಾಹಿನಿ ವಿವಿಧ ಭಾರತಿ ಬಂತು.

ನೀವು ನೆನೆಸಿಕೊಂಡು ಮರುಗುತ್ತಿರುವುದು ನಿಮ್ಮ ಬಾಲ್ಯವನ್ನು. ರೇಡಿಯೋವನ್ನಲ್ಲ.

ಕದ್ರಿಗುಡ್ಡೆ

ಬಾಲ್ಯವೂ ಇರಬಹುದು ಮಾರಾಯ್ರೆ, ಆದರೆ ನಮ್ಮ ಅಜ್ಜಿಗೆ ಅದು ಬಾಲ್ಯ ಆಗಿರಲಿಲ್ಲ. ಅವರಿಗೆ ಕೆಲಸದ ಹೊತ್ತು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಹೊಗೆಸೊಪ್ಪು, ನೂಲು. ಪಕ್ಕದಲ್ಲಿ ರೇಡಿಯೋ. ಬೀಡಿ ಕಟ್ಟುವವರಿಗೆ ಕೈಗೂ ಕಣ್ಣಿಗೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಟಿವಿ ಬಂದ ಮೇಲೂ ಎಷ್ಟೋ ವರ್ಷ ಬೀಡಿ ಕಟ್ಟುವ ಮನೆಗಳಲ್ಲಿ ರೇಡಿಯೋ ಉಳಿದದ್ದು ಅದಕ್ಕೇ. ಟಿವಿ ನೋಡುತ್ತ ಕೂತರೆ ಸಂಜೆಗೆ ಲೆಕ್ಕ ಕಮ್ಮಿ ಆಗುತ್ತದೆ.

ಮಂಗಳೂರು ನಿಲಯ ಬಂದದ್ದು 1976ರಲ್ಲಿ, ನಮ್ಮ ಕದ್ರಿ ಗುಡ್ಡೆಯ ಮೇಲೆ. ತುಳು, ಕೊಂಕಣಿ ಎರಡೂ ರೇಡಿಯೋದಲ್ಲಿ ಕೇಳಿತು. ಪತ್ರಿಕೆ ಓದಲು ಬಾರದ ಅಜ್ಜಿಗೆ, ತಾನು ಮನೆಯಲ್ಲಿ ಆಡುವ ಮಾತನ್ನು ಕಲಿತವರೊಬ್ಬರು ಮೈಕಿನ ಮುಂದೆ ಆಡುವುದು ಎಂದರೆ ಸಣ್ಣ ಸಂಗತಿಯಾ?

ಮತ್ತೆ ತಾಳಮದ್ದಲೆ, ಕೂತು ಆಡುವ ಯಕ್ಷಗಾನ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಮತ್ತು ಅರ್ಥ, ಅಂದರೆ ಪಾತ್ರಗಳ ಮಾತು. ರೇಡಿಯೋಗೆಂದೇ ಹುಟ್ಟಿದ ಕಲೆ ಎನಿಸುತ್ತದೆ. ರಾತ್ರಿಯಿಡೀ ವಾದ ಮಾಡುವ ಅರ್ಥಧಾರಿಗಳು ಸ್ಟುಡಿಯೋದಲ್ಲಿ ಗಡಿಯಾರ ನೋಡಿಕೊಂಡು ಮಾತಾಡಬೇಕು. ಅಲ್ಲಿ ಕರ್ಣ ಬೇಗ ಬೇಗ ಸಾಯುತ್ತಿದ್ದ. ಆದರೂ ಮಾತು ಎಷ್ಟು ಬಿಗಿ ಇರುತ್ತಿತ್ತು ಎಂದರೆ, ಬಯಲಲ್ಲಿ ಕೇಳಿದ್ದಕ್ಕಿಂತ ರೇಡಿಯೋದ್ದೇ ಚೆನ್ನ ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ.

ಸ್ಪೂಲ್‌ಟೇಪ್

ಅಡಿಕೆಚಪ್ಪರ ಅವರೇ, ಆ "ಅಕ್ಕೋರು" ನಾನಲ್ಲ. ಆದರೆ ಅಂಥವರಲ್ಲಿ ಒಬ್ಬಳು. ರಾಜ್ಯದ ಒಂದು ನಿಲಯದಲ್ಲಿ ಹಂಗಾಮಿ ಉದ್ಘೋಷಕಿಯಾಗಿ ಬಹಳ ಕಾಲ ಕೆಲಸ ಮಾಡಿದವಳು. ನೆಗಡಿ ಬಂದರೂ ಹೋಗುತ್ತಿದ್ದೆವು. ಹೋಗದಿದ್ದರೆ ಆ ದಿನದ ದುಡ್ಡಿಲ್ಲ!

ಬೆಳಗಿನ ಪಾಳಿ ಇದ್ದರೆ ಕತ್ತಲಲ್ಲೇ ಮನೆ ಬಿಡಬೇಕು. ಡ್ಯೂಟಿ ರೂಮಿನಲ್ಲಿ ಕ್ಯೂ ಶೀಟ್ ಸಿಗುತ್ತದೆ. ಯಾವ ನಿಮಿಷಕ್ಕೆ ಏನು, ಯಾವ ಟೇಪು, ಯಾವ ತಟ್ಟೆ ಎಲ್ಲ ಅದರಲ್ಲಿ. ತಟ್ಟೆ ಅಂದರೆ ಗ್ರಾಮಫೋನ್ ರೆಕಾರ್ಡು. ಮುಳ್ಳನ್ನು ಹಾಡಿನ ಅಂಚಿಗೆ ಇಟ್ಟು, ಹೆಡ್‌ಫೋನಲ್ಲಿ ಮೊದಲ ಸದ್ದು ಹುಡುಕಿ, ತಟ್ಟೆಯನ್ನು ಬೆರಳಿನಿಂದ ಒಂಚೂರು ಹಿಂದಕ್ಕೆ ತಿರುಗಿಸಿ ಹಿಡಿದುಕೊಂಡಿರುತ್ತಿದ್ದೆವು. ಇನ್ನೊಂದು ಕೈ ಸದ್ದು ಏರಿಸಿ ಇಳಿಸುವ ಫೇಡರ್ ಮೇಲೆ. ಚಿತ್ರದ ಹೆಸರು, ಸಾಹಿತ್ಯ, ಸಂಗೀತ, ಗಾಯಕರು ಅಂತ ಹೇಳಿ ಮುಗಿಸುವ ಹೊತ್ತಿಗೆ ಬೆರಳು ಬಿಡಬೇಕು. ಬೇಗ ಬಿಟ್ಟರೆ ಹಾಡು ಮಾತಿನ ಮೇಲೆ ಬೀಳುತ್ತದೆ. ತಡವಾದರೆ ಸುಮ್ಮನೆ ಗಾಳಿ. ಡ್ಯೂಟಿ ಆಫೀಸರ್ ಕೂತು ಇದನ್ನೆಲ್ಲ ಪುಸ್ತಕದಲ್ಲಿ ಬರೆಯುತ್ತಿದ್ದರು.

ಪೋಸ್ಟ್ ಕಾರ್ಡುಗಳ ಬಗ್ಗೆ ಹೇಳಬೇಕು. ಕಟ್ಟು ಕಟ್ಟಾಗಿ ಬರುತ್ತಿದ್ದವು. ಎಲ್ಲ ಹೆಸರು ಓದಲು ಸಮಯ ಸಾಲದು, ಆರಿಸಬೇಕು. ನನ್ನದೊಂದು ಗುಟ್ಟಿನ ನಿಯಮ ಇತ್ತು: ರೇಡಿಯೋದಲ್ಲಿ ಅದುವರೆಗೆ ನಾನು ಹೇಳದ ಊರು ಸಿಕ್ಕರೆ ಅದೇ ಮೊದಲು. ಕೆಲವು ಹೆಸರು ಹೇಗೆ ಉಚ್ಚರಿಸುವುದೋ ತಿಳಿಯದೆ ಆ ತಾಲ್ಲೂಕಿನ ಸಿಬ್ಬಂದಿಯನ್ನು ಹುಡುಕಿಕೊಂಡು ಹೋಗಿ ಕೇಳುತ್ತಿದ್ದೆ. ಊರಿನ ಹೆಸರು ತಪ್ಪಾಗಿ ಹೇಳಿದರೆ ಮುಂದಿನ ವಾರ ಬೈಗುಳದ ಕಾರ್ಡು ಗ್ಯಾರಂಟಿ.

ಸುಮ್ನೆಕೇಳುಗ ಅವರಿಗೆ: ಯೂರಿಯಾ ಮಾತು ಬೋರು, ಒಪ್ಪಿದೆ. ನಮಗೂ ಬೋರೇ. ಆದರೆ ಮಳೆ ತಡವಾದ ವರ್ಷ ಜನ ಹಾಡು ಕೇಳಿ ಬರೆಯುತ್ತಿರಲಿಲ್ಲ, ಕೃಷಿ ಕಾರ್ಯಕ್ರಮಕ್ಕೆ ಪ್ರಶ್ನೆ ಕೇಳಿ ಬರೆಯುತ್ತಿದ್ದರು.

ನಮ್ಮ ಹೆಸರು ಯಾಕೆ ಗೊತ್ತಿರಲಿಲ್ಲ ಅಂದರೆ, ಹೇಳುವ ಪದ್ಧತಿಯೇ ಇರಲಿಲ್ಲ. ವಾರ್ತೆ ಓದುವವರಿಗೆ ಹೆಸರು. ನಾವು "ನಿಲಯ". ಬಸ್ಸಿನಲ್ಲಿ ಟಿಕೆಟ್ ಕೇಳಿದಾಗ ಕಂಡಕ್ಟರ್ ದನಿ ಗುರುತು ಹಿಡಿದಿದ್ದುಂಟು. ಅಂಥ ದಿನ ಊಟ ಸೇರುತ್ತಿರಲಿಲ್ಲ, ಅಷ್ಟು ಖುಷಿ.

ತೊಂಬತ್ತೊಂದು

ನಾನು ಬೆಂಗಳೂರಿನ ಹುಡುಗ, ನಿಮ್ಮೆಲ್ಲರಿಗಿಂತ ಚಿಕ್ಕವನು. ನನಗೆ ರೇಡಿಯೋ ಶುರುವಾಗಿದ್ದೇ 2001ರ ಜುಲೈನಲ್ಲಿ, ರೇಡಿಯೋ ಸಿಟಿ ಬಂದಾಗ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ನಮ್ಮ ಊರಲ್ಲಿ. ಆಮೇಲೆ 2006ರಿಂದ ಒಂದರ ಹಿಂದೆ ಒಂದು ಬಂದವು. 92.7, 98.3, 104...

ನೀವು ಹೇಳುವ ಗಂಭೀರ ದನಿ ನಮ್ಮಪ್ಪನದು. ನನ್ನದು ಬೆಳಿಗ್ಗೆ ವಾಸಂತಿ ಹರಿಪ್ರಕಾಶ್, ಆಮೇಲಿನ ವರ್ಷಗಳಲ್ಲಿ ಫೀವರ್ ಎಫ್‌ಎಂನಲ್ಲಿ ಡ್ಯಾನಿಶ್ ಸೇಠ್ ಮಾಡುತ್ತಿದ್ದ ಫೋನ್ ತಮಾಷೆ. ಕಾಲೇಜಿಗೆ ಹೋಗುವ ಬಿಎಂಟಿಸಿ ಬಸ್ಸಿನಲ್ಲಿ ಇಯರ್‌ಫೋನಿನ ಒಂದು ಕಡೆ ನನಗೆ, ಇನ್ನೊಂದು ಕಡೆ ಗೆಳೆಯನಿಗೆ. ಅದರ ವೈರೇ ಆಂಟೆನಾ, ಹಾಗಾಗಿ ಅವನು ತಲೆ ಆ ಕಡೆ ತಿರುಗಿಸಿದರೆ ಸ್ಟೇಷನ್ ಹೋಗುತ್ತಿತ್ತು. ಜಗಳ.

ಒಂದು ದೂರು ಮಾತ್ರ ನನಗೂ ಇದೆ. ಶುರುವಿನಲ್ಲಿ ಈ ಖಾಸಗಿ ಎಫ್‌ಎಂನಲ್ಲಿ ಹಿಂದಿ, ಇಂಗ್ಲಿಷೇ ಜಾಸ್ತಿ. ಕನ್ನಡ ಹಾಡು ಬಂದರೆ ಯಾರೋ ಮನೆಗೆ ನೆಂಟರು ಬಂದರೇನೋ ಅನ್ನುವ ಹಾಗೆ ಸ್ವಾಗತ ಮಾಡುತ್ತಿದ್ದೆವು. ಆಮೇಲೆ ಕನ್ನಡ ಹಾಕಿದರೇ ಕೇಳುಗರು ಜಾಸ್ತಿ ಅಂತ ಗೊತ್ತಾಯಿತು, ಒಬ್ಬೊಬ್ಬರಾಗಿ ಎಲ್ಲರೂ ಕನ್ನಡಕ್ಕೆ ಬಂದರು. ಪ್ರೀತಿಯಿಂದಲೋ ಜಾಹೀರಾತಿನ ಲೆಕ್ಕದಿಂದಲೋ, ಒಟ್ಟಿನಲ್ಲಿ ಬಂದರು.

ಒಂದೇ_ಸಾಲು

ಆರ್‌ಜೆಗಳು ತಾವೇ ಜೋಕು ಹೇಳಿ ತಾವೇ ನಗುವುದನ್ನು ನಿಲ್ಲಿಸಿದ ದಿನ ನಾನು ಮತ್ತೆ ರೇಡಿಯೋ ಕೊಳ್ಳುತ್ತೇನೆ.

ಫೇಡರ್

ಒಂದೇ_ಸಾಲು ಅವರೇ, ಆ ನಗು ನಮ್ಮದೂ ಅಲ್ಲ ಬಿಡಿ. ನಾನು ಒಂದು ಖಾಸಗಿ ಸ್ಟೇಷನ್‌ನಲ್ಲಿ ಆರ್‌ಜೆ ಆಗಿದ್ದೆ. ಒಳಗಿನ ಕಥೆ ಸ್ವಲ್ಪ ಹೇಳುತ್ತೇನೆ, ಬೈಯುವುದು ಆಮೇಲೆ.

ಹಾಡು ನಾನು ಆರಿಸುತ್ತೇನೆ ಎಂದು ಕೇಳುವವರು ಅಂದುಕೊಳ್ಳುತ್ತಾರೆ. ಇಲ್ಲ. ಸಾಫ್ಟ್‌ವೇರ್ ಪಟ್ಟಿ ಕೊಡುತ್ತದೆ. ಈಗ ಓಡುತ್ತಿರುವ ಹಾಡು ಎಷ್ಟು ಹೊತ್ತಿಗೊಮ್ಮೆ ಬರಬೇಕು, ಎರಡು ನಿಧಾನದ ಹಾಡು ಅಕ್ಕಪಕ್ಕ ಬೀಳಬಾರದು, ಒಬ್ಬನೇ ಗಾಯಕನ ಹಾಡು ಮತ್ತೆ ಯಾವಾಗ, ಎಲ್ಲ ಅದಕ್ಕೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಗಂಟೆಯ ಚಿತ್ರ ಗೋಡೆಯ ಮೇಲೆ ಅಂಟಿಸಿರುತ್ತದೆ: ಇಲ್ಲಿ ಜಾಹೀರಾತು, ಇಲ್ಲಿ ಜಿಂಗಲ್, ಇಲ್ಲಿ ನಿನ್ನ ಲಿಂಕ್. ಲಿಂಕ್ ಅಂದರೆ ನಮ್ಮ ಮಾತು. ಒಂದು ನಿಮಿಷ ದಾಟಿದರೆ ಬಾಗಿಲಲ್ಲಿ ಬಾಸ್ ನಿಂತಿರುತ್ತಾರೆ. ಯಾರೋ ಅಮ್ಮ ಫೋನ್ ಮಾಡಿ, ಮಗ ದುಬೈಗೆ ಹೋಗುತ್ತಿದ್ದಾನೆ, ಈ ಹಾಡು ಹಾಕಪ್ಪಾ ಎಂದು ಕೇಳಿದರು. ಆ ಹಾಡು ಪಟ್ಟಿಯಲ್ಲಿ ಇರಲಿಲ್ಲ. ನಾನು ಸೇರಿಸಿದೆ. ಅದಕ್ಕೆ ಮೆಮೋ ಕೊಟ್ಟರು. ಅಕ್ಕೋರ ಪೋಸ್ಟ್ ಕಾರ್ಡ್ ಕಥೆ ಓದಿ ಹೊಟ್ಟೆ ಉರಿಯಿತು, ನಿಜವಾಗಿ.

ಆದರೂ ಕೈಚಳಕ ಬೇಕಾದ ಕೆಲಸ ಅದು. ಹಾಡಿನ ಶುರುವಿನ ವಾದ್ಯದ ಮೇಲೆ ಮಾತಾಡಿ, ಗಾಯಕ ಬಾಯಿ ತೆಗೆಯುವ ಕ್ಷಣಕ್ಕೆ ಸರಿಯಾಗಿ ನಿಲ್ಲಿಸಬೇಕು. ಪರದೆಯ ಮೇಲೆ ಸೆಕೆಂಡು ಇಳಿಯುತ್ತಿರುತ್ತದೆ. ನಾಲ್ಕು ಉಳಿದಿದ್ದಾಗ ವಾಕ್ಯ ಮುಗಿಸಲು ಎರಡು ಪದ ಕಮ್ಮಿ ಬೀಳುತ್ತದೆ. ಆ "ಹಹ್ಹಹ್ಹಾ" ಬರುವುದು ಅಲ್ಲೇ.

ಎಲ್ಲರೂ ಯಾಕೆ ಒಂದೇ ಥರ ಆದರು ಅಂದರೆ ದುಡ್ಡು. ಮೊದಲ ಸುತ್ತಿನ ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇಕಡಾ 15ರಷ್ಟು ಏರುತ್ತಲೇ ಹೋಗುವಂತೆ ಇತ್ತು, ಆದಾಯ ಬಂದರೂ ಬರದಿದ್ದರೂ. 2005ರಲ್ಲಿ ನಿಯಮ ಬದಲಾಗಿ ಆದಾಯದಲ್ಲಿ ಶೇಕಡಾ 4 ಎಂದಾಯಿತು. ಅದಾದ ಮೇಲೇ ಸಣ್ಣ ಊರುಗಳಿಗೂ ಸ್ಟೇಷನ್ ಬಂದಿದ್ದು. ಆದರೆ ಲಾಭ ಬೇಕಲ್ಲ? ಒಬ್ಬ ಆರ್‌ಜೆ ಒಂದು ಊರಲ್ಲಿ ಕೂತು ನಾಲ್ಕು ಊರಿಗೆ ಮಾತು ರೆಕಾರ್ಡ್ ಮಾಡಿ ಕಳಿಸುವುದು ಶುರುವಾಯಿತು. "ಇವತ್ತು ಹೊರಗೆ ಎಂಥಾ ಹವಾ!" ಎಂದು ಎಸಿ ರೂಮಿನಲ್ಲಿ ಹಿಂದಿನ ದಿನವೇ ಹೇಳಿಟ್ಟಿರುತ್ತಿದ್ದೆವು. ಆ ಊರಲ್ಲಿ ಆ ಹೊತ್ತಿಗೆ ಜಡಿಮಳೆ.

ಸುಮ್ನೆಕೇಳುಗ

ಇದು ನೋಡಿ ಮಾತು. ಹಾಗಾದರೆ ಹೋಗಿದ್ದು ರೇಡಿಯೋ ಅಲ್ಲ, ಸ್ಥಳೀಯ ಅನ್ನುವುದು. ಹಾಗೆ ಹೇಳಿದರೆ ನನ್ನ ತಕರಾರಿಲ್ಲ.

ಯಾದವಗಿರಿ

ಸ್ಥಳೀಯ ರೇಡಿಯೋ ಬಗ್ಗೆ ಮಾತಾಡುತ್ತಾ ಮೈಸೂರನ್ನು ಬಿಟ್ಟುಬಿಟ್ಟರೆ ಹೇಗೆ ಸ್ವಾಮಿ?

1935ರ ಸೆಪ್ಟೆಂಬರ್ 10. ಎಂ.ವಿ. ಗೋಪಾಲಸ್ವಾಮಿ, ಮನೋವಿಜ್ಞಾನದ ಪ್ರೊಫೆಸರ್, ಒಂಟಿಕೊಪ್ಪಲಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲೇ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಶುರುವಿನ ಟ್ರಾನ್ಸ್‌ಮಿಟರ್ 30 ವ್ಯಾಟ್‌ನದು. ನಮ್ಮ ಮನೆಯ ಫ್ಯಾನ್ ಅದಕ್ಕಿಂತ ಜಾಸ್ತಿ ಕರೆಂಟು ತಿನ್ನುತ್ತದೆ. ಕೆಲವು ವರ್ಷ ಹೀಗೇ ನಡೆಸಿ 1942ರಲ್ಲಿ ಮೈಸೂರು ಸಂಸ್ಥಾನಕ್ಕೆ ಒಪ್ಪಿಸಿದರು. ಮುಂದೆ ಇಡೀ ದೇಶದ ರೇಡಿಯೋ ಅದೇ ಹೆಸರನ್ನು ತೆಗೆದುಕೊಂಡಿತು. 2023ರಲ್ಲಂತೂ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರನ್ನೇ ಬಿಟ್ಟು ಆಕಾಶವಾಣಿ ಒಂದನ್ನೇ ಉಳಿಸಿಕೊಂಡರು.

ಒಬ್ಬ ಮೇಷ್ಟ್ರು, ಒಂದು ಮನೆ, ಕೇಳುವವರು ಸುತ್ತಮುತ್ತಲಿನವರು. ಇದಕ್ಕಿಂತ ಸ್ಥಳೀಯ ಏನಿದೆ?

1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿನವರ ಮನಸ್ಸಿಗೆ ಎಷ್ಟು ನೋವಾಗಿತ್ತೆಂದರೆ ನಮ್ಮ ತಾತ ಅದನ್ನು ಮನೆ ಮಗಳ ಮದುವೆಯ ಹಾಗೆ ಅಲ್ಲ, ಆಸ್ತಿ ವ್ಯಾಜ್ಯದ ಹಾಗೆ ಹೇಳುತ್ತಿದ್ದರು. 1974ರಲ್ಲಿ ಮತ್ತೆ ಇಲ್ಲಿ ಶುರುವಾಯಿತು.

ಹೆಸರುಗಳ ವಿಷಯ ಬಂತಲ್ಲ, ನಮ್ಮ ಮನೆಯಲ್ಲಿ ಬಾಯಿಪಾಠವಾಗಿದ್ದವು: ದೆಹಲಿಯಿಂದ ರಂಗರಾವ್, ಉಪೇಂದ್ರರಾವ್. ಬೆಂಗಳೂರಿನಿಂದ ನಾಗಮಣಿ ಎಸ್. ರಾವ್. ನಾಟಕಕ್ಕೆ ಯಮುನಾ ಮೂರ್ತಿ. ಇನ್ನು ಎ.ಎಸ್. ಮೂರ್ತಿಯವರನ್ನು ಆ ಹೆಸರಿನಿಂದ ಕರೆದವರೇ ಕಮ್ಮಿ, ಅವರು ಎಲ್ಲರಿಗೂ ಆಕಾಶವಾಣಿ ಈರಣ್ಣ. ಬೆಳಿಗ್ಗೆ 6.55ಕ್ಕೆ ಸಂಸ್ಕೃತ ವಾರ್ತೆ. ಅರ್ಥ ಒಂದಿಷ್ಟೂ ಆಗದಿದ್ದರೂ "ಪ್ರವಾಚಕಃ ಬಲದೇವಾನಂದ ಸಾಗರಃ" ಎಂದು ಇಡೀ ಬೀದಿಯ ಮಕ್ಕಳು ಒಟ್ಟಿಗೆ ಹೇಳುತ್ತಿದ್ದೆವು.

ದಸರಾ ದಿನದ ವೀಕ್ಷಕ ವಿವರಣೆಯೂ ಹಾಗೇ. ಅರಮನೆಯಿಂದ ಕೂಗಳತೆಯಲ್ಲಿದ್ದವರೂ ರೇಡಿಯೋ ಹಿಡಿದುಕೊಂಡೇ ಮೆರವಣಿಗೆ ನೋಡಲು ಹೋಗುತ್ತಿದ್ದರು. ಕಣ್ಣೆದುರಿಗೆ ಆನೆ ಹೋಗುತ್ತಿದ್ದರೂ ಅದರ ಹೆಸರು ರೇಡಿಯೋ ಹೇಳಬೇಕು.

ಇಯರ್‌ಬಡ್

ಪ್ರಶ್ನೆ: ಈಗ ಪಾಡ್‌ಕಾಸ್ಟ್ ಇದೆಯಲ್ಲ? ಯಾರು ಬೇಕಾದರೂ ಮಾಡಬಹುದು, ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು, ಬಾಸ್ ಇಲ್ಲ, ಮೆಮೋ ಇಲ್ಲ. ಕುಂದಾಪ್ರ ಕನ್ನಡದಲ್ಲೂ ಮಾಡಬಹುದು, ಉತ್ತರ ಕರ್ನಾಟಕದ ಮಾತಲ್ಲೂ ಮಾಡಬಹುದು. ಅದೇ ದನಿ ಅಲ್ವಾ? ಯಾಕಿಷ್ಟು ಬೇಜಾರು?

ಅಡಿಕೆಚಪ್ಪರ

ಇಯರ್‌ಬಡ್ ತಮ್ಮಾ, ನಾನೂ ಕೇಳುತ್ತೇನೆ, ಚೆನ್ನಾಗಿಯೇ ಇವೆ. ಆದರೆ ನನ್ನ ಕಿವಿಯಲ್ಲಿ ಬರುತ್ತಿರುವುದು ಪಕ್ಕದಲ್ಲಿ ಕೂತವನಿಗೆ ಗೊತ್ತಿಲ್ಲ. ಅಂಗಳದಲ್ಲಿ ಅಷ್ಟೂ ಜನ ಒಂದೇ ಹೆಸರು ಕೇಳಿ ಒಟ್ಟಿಗೆ ನಕ್ಕಿದ್ದು ಪಾಡ್‌ಕಾಸ್ಟ್‌ನಲ್ಲಿ ಹೇಗೆ ಆಗುತ್ತದೆ? ನಾನು ಇವತ್ತು ಕೇಳುತ್ತೇನೆ, ನೀನು ಮುಂದಿನ ವಾರ ಕೇಳುತ್ತೀಯ.

ಫೇಡರ್

ಇನ್ನೊಂದು ಸೇರಿಸುತ್ತೇನೆ. ಖಾಸಗಿ ಎಫ್‌ಎಂನಲ್ಲಿ ನಮ್ಮದೇ ಸುದ್ದಿ ಹೇಳುವ ಹಾಗಿಲ್ಲ, ಗೊತ್ತಾ? ಆಕಾಶವಾಣಿಯ ವಾರ್ತೆಯನ್ನು ಹಾಗೇ ಮರುಪ್ರಸಾರ ಮಾಡಬಹುದು, ಅಷ್ಟೇ. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ ಇಂಥವು ಪರವಾಗಿಲ್ಲ. ಊರಲ್ಲಿ ಗಲಾಟೆ ಆಗಿ ಅಂಗಡಿಗಳೆಲ್ಲ ಮುಚ್ಚಿದ್ದರೂ ನಾನು "ಆ ರಸ್ತೆಯಲ್ಲಿ ಟ್ರಾಫಿಕ್ ಜಾಸ್ತಿ, ಬೇರೆ ದಾರಿ ನೋಡಿ" ಎಂದಷ್ಟೇ ಹೇಳಬೇಕು. ಕೇಳುವವರಿಗೆ ಅರ್ಥ ಆಗಿರುತ್ತಿತ್ತು. ಹೀಗಾಗಿ ನಮಗೆ ಉಳಿದಿದ್ದು ಸಿನಿಮಾ ಗಾಸಿಪ್ಪು, ಫೋನ್ ತಮಾಷೆ. ಬೈಯುವವರು ಇದನ್ನೂ ಗಮನಿಸಬೇಕು.

ಕದ್ರಿಗುಡ್ಡೆ

ಸ್ಥಳೀಯ ರೇಡಿಯೋ ಪೂರ್ತಿ ಸತ್ತಿಲ್ಲ. ನಮ್ಮಲ್ಲಿ ಸೇಂಟ್ ಅಲೋಶಿಯಸ್ ವಿದ್ಯಾಸಂಸ್ಥೆಯ ಸಾರಂಗ್ 107.8 ಇದೆ, ಬೆಂಗಳೂರಿನಲ್ಲಿ ಜೈನ್ ವಿಶ್ವವಿದ್ಯಾಲಯದವರ ರೇಡಿಯೋ ಆಕ್ಟಿವ್ 90.4 ಇದೆ. ಸಮುದಾಯ ಬಾನುಲಿ. ಕೆಲವೇ ಕಿಲೋಮೀಟರ್ ಕೇಳುತ್ತದೆ, ಅದೇ ಅದರ ಚೆಂದ.

ಕೋಲಾರದ ಬೂದಿಕೋಟೆಯ ಕಥೆ ಇದಕ್ಕಿಂತ ಮಜಾ. ಸ್ವಯಂಸೇವಾ ಸಂಸ್ಥೆಗಳ ನೆರವಿನಲ್ಲಿ ಹಳ್ಳಿಯವರು ಸೇರಿ "ನಮ್ಮ ಧ್ವನಿ" ಎಂದು ಸ್ಟುಡಿಯೋ ಮಾಡಿದರು. ಆದರೆ ಹಳ್ಳಿಯವರು ಗಾಳಿಯಲ್ಲಿ ಪ್ರಸಾರ ಮಾಡಲು ಆಗಿನ ಕಾನೂನು ಬಿಡುತ್ತಿರಲಿಲ್ಲ. ಸುಮ್ಮನೆ ಕೂರಲಿಲ್ಲ, ಟಿವಿ ಕೇಬಲ್‌ನಲ್ಲೇ ದನಿ ಹರಿಸಿ ಮನೆಮನೆಗೆ ಕೊಟ್ಟರು! ಸಂಘ ಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸಲು ಸರ್ಕಾರ ಒಪ್ಪಿದ್ದು 2006ರಲ್ಲಿ.

ಪೇಡಾನಗರಿ

ಸ್ಪೂಲ್‌ಟೇಪ್ ಮೇಡಂ, ಹಳೇ ಧ್ವನಿಮುದ್ರಣ ಎಲ್ಲ ಏನಾದವು? ನಾನು ಸಣ್ಣವನಿದ್ದಾಗ ಕೇಳಿದ ಒಂದು ಬಾನುಲಿ ನಾಟಕವನ್ನು ಎಲ್ಲ ಕಡೆ ಹುಡುಕಿದೆ. ಸಿಗಲಿಲ್ಲ.

ಸ್ಪೂಲ್‌ಟೇಪ್

ಸಂಗೀತದ್ದು, ದೊಡ್ಡ ಸಾಹಿತಿಗಳ ಸಂದರ್ಶನದ್ದು ಎಷ್ಟೋ ಉಳಿದಿವೆ, ಪ್ರಸಾರ ಭಾರತಿಯವರು ಡಿಜಿಟಲ್ ಮಾಡಿ ಒಂದಿಷ್ಟು ಹೊರಗೂ ಬಿಟ್ಟಿದ್ದಾರೆ. ದಿನನಿತ್ಯದ ಕಾರ್ಯಕ್ರಮ ಉಳಿದಿರುವುದು ಕಷ್ಟ. ಸ್ಪೂಲ್ ಅಂದರೆ ಟೇಪಿನ ಸುರುಳಿ ದುಬಾರಿ, ಪ್ರಸಾರ ಆದ ಮೇಲೆ ಅಳಿಸಿ ಅದರ ಮೇಲೇ ಮತ್ತೊಂದು ರೆಕಾರ್ಡ್ ಮಾಡುತ್ತಿದ್ದರು. ನನ್ನ ಕೈಯಿಂದಲೇ ಎಷ್ಟು ಟೇಪು ಅಳಿಸಲು ಕಳಿಸಿದ್ದೇನೋ. ಇನ್ನು ನಾವು ಹಾಡಿನ ನಡುವೆ ಆಡಿದ ಮಾತನ್ನು ರೆಕಾರ್ಡ್ ಮಾಡುವುದು ಯಾರಿಗೂ ಹೊಳೆದಿರಲಿಲ್ಲ.

ಸಿಗುವುದಿದ್ದರೆ ಕೇಳುಗರ ಮನೆಯಲ್ಲೇ ಸಿಗಬೇಕು. ರೇಡಿಯೋ, ಕ್ಯಾಸೆಟ್ ಎರಡೂ ಇದ್ದ ಟೂ-ಇನ್-ಒನ್‌ನಲ್ಲಿ ಹಾಡು ತುಂಬಿಸಿಕೊಳ್ಳುವಾಗ ಬಟನ್ ಒತ್ತುವುದು ತಡವಾಗಿ ನಮ್ಮ ಮಾತೂ ಒಂದಿಷ್ಟು ಸೇರಿಕೊಂಡಿರುತ್ತದೆ. ಆಗ ಅದು ನಿಮಗೆ ಕಿರಿಕಿರಿ ಆಗಿರಬೇಕು. ಅಂಥ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ. ಟೇಪ್ ಅಂಟಿಕೊಂಡಿದೆಯಾ ನೋಡಿ, ನೇರ ಪ್ಲೇ ಮಾಡುವ ಮುಂಚೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ. ಬೂಷ್ಟು ಹಿಡಿದಿದ್ದರೆ ಮಾತ್ರ ಹಾಗೆ ಸುತ್ತಲೂ ಹೋಗಬೇಡಿ, ಗೊತ್ತಿರುವವರ ಕೈಗೆ ಕೊಡಿ.

ತೊಂಬತ್ತೊಂದು

ಅಯ್ಯೋ, ನಮ್ಮಪ್ಪನ ಕ್ಯಾಸೆಟ್ ಡಬ್ಬ ಅಟ್ಟದ ಮೇಲಿದೆ. ಭಾನುವಾರ ಇಳಿಸುತ್ತೇನೆ. ಅಮ್ಮ ಹಳೇ ಪೇಪರಿನವನಿಗೆ ಕೊಡುವ ಮುಂಚೆ.

ಸುಮ್ನೆಕೇಳುಗ

ಇಷ್ಟೆಲ್ಲ ಓದಿ ನಮ್ಮ ಮನೆಯ ಹಳೇ ಟ್ರಾನ್ಸಿಸ್ಟರ್ ಹೊರಗೆ ತೆಗೆದೆ. ಚರ್ಮದ ಕವರ್ ಹರಿದಿದೆ, ಸೆಟ್ ಗಟ್ಟಿಯಾಗಿದೆ. ಸೆಲ್ ಹಾಕಿದೆ, ಲೈಟು ಹತ್ತಿತು. ಹಳೇ ನಿಲಯಗಳು ಬರುತ್ತಿದ್ದ ಮೀಡಿಯಂ ವೇವ್‌ನಲ್ಲಿ ಆ ತುದಿಯಿಂದ ಈ ತುದಿಗೆ ಬರೀ ಗರ್ರ್ ಅನ್ನುವ ಸದ್ದು. ನೀವೆಲ್ಲ ಹೊಗಳಿದ ದನಿ ಒಂದೂ ಇಲ್ಲ. ನನ್ನ ವಾದಕ್ಕೆ ಇದೇ ಪುರಾವೆ ಎಂದು ಬರೆಯಲು ಕೂತೆ.

ಏರಿಯಲ್_ತಂತಿ

ಸ್ವಲ್ಪ ತಡೀರಿ, ಸೆಟ್ಟಿಗೆ ಬೈಯಬೇಡಿ. ನಾನು ರೇಡಿಯೋ ರಿಪೇರಿ ಮಾಡುತ್ತಿದ್ದವನು.

ಒಂದು, ಮನೆಯಲ್ಲಿರುವ ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ವೈಫೈ ಪೆಟ್ಟಿಗೆ ಎಲ್ಲ ಆರಿಸಿ. ಅಗ್ಗದ ಎಲ್‌ಇಡಿ ಒಳಗಿನ ಸರ್ಕ್ಯೂಟು ಮೀಡಿಯಂ ವೇವ್ ತುಂಬ ಗಲೀಜು ಸದ್ದು ತುಂಬುತ್ತದೆ. ಆ ಕಾಲದಲ್ಲಿ ಮನೆಯಲ್ಲಿ ಇದ್ದಿದ್ದು ಬುರುಡೆ ಬಲ್ಬು. ಅದಕ್ಕೆ ಈ ರೋಗ ಇರಲಿಲ್ಲ.

ಎರಡು, ಮೇಲಕ್ಕೆ ಎಳೆಯುವ ಕಡ್ಡಿ ಮೀಡಿಯಂ ವೇವ್‌ಗೆ ಅಲ್ಲ. ಸೆಟ್ಟಿನ ಒಳಗೇ ತಾಮ್ರದ ತಂತಿ ಸುತ್ತಿದ ಕಪ್ಪು ಕಡ್ಡಿ ಮಲಗಿರುತ್ತದೆ, ಅದೇ ಆಂಟೆನಾ. ಅದರ ಅಗಲದ ಮೈ ಸ್ಟೇಷನ್ ಕಡೆ ಇದ್ದರೆ ಜೋರು, ತುದಿ ಆ ಕಡೆ ಇದ್ದರೆ ಸದ್ದಿಲ್ಲ. ನಿಮ್ಮ ಅಪ್ಪ ರೇಡಿಯೋವನ್ನು ಓರೆಯಾಗಿ ಇಡುತ್ತಿದ್ದದ್ದು ಸುಮ್ನೆ ಅಲ್ಲ. ನಿಧಾನವಾಗಿ ಸುತ್ತ ತಿರುಗಿಸಿ ನೋಡಿ.

ಮೂರು, ಕತ್ತಲಾದ ಮೇಲೆ ಕೇಳಿ. ಹಗಲು ಬಿಸಿಲಿಗೆ ಮೇಲಿನ ವಾತಾವರಣದಲ್ಲಿ ಒಂದು ಪದರ ಹುಟ್ಟಿಕೊಂಡು ಈ ತರಂಗಗಳನ್ನು ನುಂಗುತ್ತದೆ. ರಾತ್ರಿ ಆ ಪದರ ಹೋಗುತ್ತದೆ, ತರಂಗ ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಅದಕ್ಕೇ ರಾತ್ರಿ ಒಂದರ ಮೇಲೊಂದು ಭಾಷೆ ಬರುತ್ತಿದ್ದುದು. 612ರ ಹತ್ತಿರ ಬೆಂಗಳೂರು ಹುಡುಕಿ. ಹಳೇ ಸೆಟ್ಟಿನಲ್ಲಿ ಮುಳ್ಳು ಎಳೆಯುವ ದಾರ ಸಡಿಲವಾಗಿರುತ್ತದೆ, ಹಾಗಾಗಿ ಗಾಜಿನ ಮೇಲಿನ ಅಂಕೆ ನಂಬಬೇಡಿ.

ಸುಮ್ನೆಕೇಳುಗ

ಮಾಡಿದೆ. ವೈಫೈ ಆರಿಸಿದ್ದಕ್ಕೆ ಮಗಳು ಒಂದು ಸಲ ಕೂಗಿದಳು, ಊಟದ ಹೊತ್ತಿಗೆ ಲೈಟ್ ಆರಿಸಿದ್ದಕ್ಕೆ ಮನೆಯವಳು ಎರಡು ಸಲ. ಮೊದಲು ತಮಿಳು ಬಂತು, ಆಮೇಲೆ ಹಿಂದಿ, ಆಮೇಲೆ ಎರಡೂ ಒಟ್ಟಿಗೆ. ಸೆಟ್ಟನ್ನು ಕಿಟಕಿ ಕಡೆ ಓರೆ ಮಾಡಿದ ಮೇಲೆ ಕನ್ನಡ ಸಿಕ್ಕಿತು.

ಯಾರೋ ಮೇಡಂ ಗೊಬ್ಬರದ ಬಗ್ಗೆ ಮಾತಾಡುತ್ತಿದ್ದರು. ಹೇಳಿರಲಿಲ್ವಾ ನಾನು?

ಸ್ಪೂಲ್‌ಟೇಪ್

ಪೂರ್ತಿ ಕೇಳಿದಿರಾ?

ಸುಮ್ನೆಕೇಳುಗ

ಕೇಳಿದೆ.